ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ವಿಮೆಯ ಹಣ ಪಡೆಯುವುದು ಹೇಗೆ

ಮನೆಯಲ್ಲಿ ಯಾರಿಗಾದರೂ ತೀವ್ರ ಖಿನ್ನತೆ, ಬೈಪೋಲಾರ್ ಅಥವಾ ಸ್ಕಿಜೋಫ್ರೀನಿಯಾ ಉಲ್ಬಣಿಸಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಾಗ, ವರ್ಷ ವರ್ಷವೂ ತಪ್ಪದೆ ಪ್ರೀಮಿಯಂ ಕಟ್ಟಿಕೊಂಡು ಬಂದ ಕುಟುಂಬಗಳು ಕೂಡ ವಿಮೆಯ ಕಾರ್ಡನ್ನು ಹೊರಗೆ ತೆಗೆಯಲು ಹಿಂಜರಿಯುತ್ತವೆ. "ಇಂಥ ಕಾಯಿಲೆಗೆಲ್ಲ ಇನ್ಶೂರೆನ್ಸ್ ಬರುವುದಿಲ್ಲ" ಎಂಬ ಮಾತು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲೂ ಏಜೆಂಟರ ಬಾಯಲ್ಲೂ ಇಂದಿಗೂ ಕೇಳಿಬರುತ್ತದೆ. 2018ಕ್ಕೆ ಮೊದಲು ಅದು ಬಹುಮಟ್ಟಿಗೆ ನಿಜವಾಗಿತ್ತು. ಈಗ ಅದು ಕಾನೂನಿಗೆ ವಿರುದ್ಧವಾದ ಮಾತು.

ಆದರೆ ಕಾನೂನು ಇದೆ ಎಂದ ಮಾತ್ರಕ್ಕೆ ಹಣ ಕೈಗೆ ಬರುವುದಿಲ್ಲ. "ಇದು ಮಾನಸಿಕ ಕಾಯಿಲೆ, ಆದ್ದರಿಂದ ಕ್ಲೇಮ್ ಕೊಡುವುದಿಲ್ಲ" ಎಂದು ವಿಮಾ ಕಂಪನಿಗಳು ನೇರವಾಗಿ ಬರೆಯುವ ಕಾಲ ಹೆಚ್ಚುಕಡಿಮೆ ಮುಗಿದಿದೆ. ಈಗ ತಿರಸ್ಕಾರ ಬರುವುದು ಬೇರೆ ಹೆಸರುಗಳಲ್ಲಿ: ರೋಗಿಗೆ ವಿಶ್ರಾಂತಿಯಷ್ಟೇ ಬೇಕಿತ್ತು, ಪರೀಕ್ಷೆಗಾಗಿ ಮಾತ್ರ ದಾಖಲಾಗಿದ್ದರು, ಹೊರರೋಗಿಯಾಗಿಯೇ ಚಿಕಿತ್ಸೆ ಪಡೆಯಬಹುದಿತ್ತು, ಕಾಯಿಲೆ ಮೊದಲೇ ಇತ್ತು ಆದರೆ ತಿಳಿಸಿರಲಿಲ್ಲ, ದಾಖಲಾದ ಜಾಗ ಆಸ್ಪತ್ರೆಯೇ ಅಲ್ಲ. ಈ ಐದು ಕಾರಣಗಳಲ್ಲಿ ಪ್ರತಿಯೊಂದಕ್ಕೂ ಉತ್ತರ ನಮ್ಮ ಕೈಯಲ್ಲಿರುವ ಕಾಗದಪತ್ರಗಳಲ್ಲಿ ಇರಬೇಕು, ಮತ್ತು ಆ ಕಾಗದಗಳು ಸಿದ್ಧವಾಗಬೇಕಾದದ್ದು ತಿರಸ್ಕಾರ ಪತ್ರ ಬಂದ ಮೇಲಲ್ಲ, ಅದಕ್ಕೆ ಮೊದಲು. ಆದ್ದರಿಂದ ಪಾಲಿಸಿ ಕೊಳ್ಳುವ ಹಂತದಿಂದ ದೂರು ಕೊಡುವ ಹಂತದವರೆಗೆ ಏನೇನು ಮಾಡಬೇಕೆಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ತಿಳಿದಿರಬೇಕಾದ ಕಾನೂನು

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಗೆ 2017ರ ಏಪ್ರಿಲ್ 7ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. 2018ರ ಮೇ 29ರಂದು ಅದು ಜಾರಿಗೆ ಬಂತು. ಅದರ ಕಲಂ 21(4) ಒಂದೇ ವಾಕ್ಯದ್ದು: ದೈಹಿಕ ಕಾಯಿಲೆಯ ಚಿಕಿತ್ಸೆಗೆ ಯಾವ ಆಧಾರದ ಮೇಲೆ ವೈದ್ಯಕೀಯ ವಿಮೆ ಲಭ್ಯವಿದೆಯೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ಪ್ರತಿಯೊಬ್ಬ ವಿಮೆಗಾರರು ವಿಮೆ ಒದಗಿಸಬೇಕು. "ಅದೇ ಆಧಾರದ ಮೇಲೆ" ಎಂಬ ಮಾತೇ ಇಲ್ಲಿನ ಜೀವಾಳ. ಹೃದಯದ ತೊಂದರೆಗೆ ಇಲ್ಲದ ಷರತ್ತನ್ನು ಖಿನ್ನತೆಗೆ ಹಾಕಿದ್ದಾರೆಯೇ ಎಂಬ ಪ್ರಶ್ನೆಯನ್ನು ಪಾಲಿಸಿಯ ಪ್ರತಿ ಪುಟದಲ್ಲೂ ಕೇಳುತ್ತಾ ಹೋಗಬಹುದು.

ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2018ರ ಆಗಸ್ಟ್ 16ರಂದು ಸುತ್ತೋಲೆ ಹೊರಡಿಸಿ ಈ ಕಲಮನ್ನು ತಕ್ಷಣವೇ ಪಾಲಿಸುವಂತೆ ಕಂಪನಿಗಳಿಗೆ ಸೂಚಿಸಿತು. 2019ರ ಸೆಪ್ಟೆಂಬರ್ 27ರ ಮಾರ್ಗಸೂಚಿಯಲ್ಲಿ, ಆರೋಗ್ಯ ಪಾಲಿಸಿಗಳಿಂದ ಹೊರಗಿಡಲೇಬಾರದ ಸಂಗತಿಗಳ ಪಟ್ಟಿಯನ್ನು ಕೊಟ್ಟಿತು. ಮಾನಸಿಕ ಕಾಯಿಲೆ, ಒತ್ತಡ, ಮನೋವೈಜ್ಞಾನಿಕ ತೊಂದರೆಗಳು ಆ ಪಟ್ಟಿಯಲ್ಲಿವೆ. ಅದೇ ಪಟ್ಟಿಯಲ್ಲಿರುವ ಇನ್ನೊಂದು ಅಂಶ ಬಹಳ ಜನರ ಕಣ್ಣಿಗೆ ಬಿದ್ದಿಲ್ಲ: ವೈದ್ಯರ ಸಲಹೆಯನ್ನು ಪಡೆಯಲಿಲ್ಲ ಅಥವಾ ಪಾಲಿಸಲಿಲ್ಲ, ಚಿಕಿತ್ಸೆಯನ್ನು ಮುಂದುವರಿಸಲಿಲ್ಲ ಎಂಬುದನ್ನು ಹೊರಗಿಡುವ ಷರತ್ತನ್ನಾಗಿ ಮಾಡುವಂತಿಲ್ಲ. ಮನೋರೋಗದಲ್ಲಿ ಮಾತ್ರೆ ನಿಲ್ಲಿಸುವುದು ಎಷ್ಟೋ ವೇಳೆ ಕಾಯಿಲೆಯದೇ ಒಂದು ಲಕ್ಷಣ. ತನಗೆ ಕಾಯಿಲೆಯೇ ಇಲ್ಲ ಎಂದು ರೋಗಿಗೆ ಅನ್ನಿಸುವುದರಿಂದ ಮಾತ್ರೆ ನಿಲ್ಲುತ್ತದೆ, ಮಾತ್ರೆ ನಿಂತು ಕಾಯಿಲೆ ಮರುಕಳಿಸುತ್ತದೆ. "ಔಷಧ ಸರಿಯಾಗಿ ತೆಗೆದುಕೊಳ್ಳದೆ ರೋಗಿಯೇ ತಂದುಕೊಂಡದ್ದು" ಎಂದು ಯಾರಾದರೂ ವಾದಿಸಿದರೆ ಈ ಅಂಶವನ್ನು ಮುಂದಿಡಿ.

ನ್ಯಾಯಾಲಯವೂ ಇದೇ ದಾರಿಯಲ್ಲಿ ನಡೆದಿದೆ. ಸ್ಕಿಜೋಅಫೆಕ್ಟಿವ್ ಕಾಯಿಲೆಗೆ ಚಿಕಿತ್ಸೆ ಪಡೆದ ಮಹಿಳೆಯೊಬ್ಬರ ಕ್ಲೇಮನ್ನು ಸರ್ಕಾರಿ ಸ್ವಾಮ್ಯದ ವಿಮಾ ಕಂಪನಿಯೊಂದು, ಮನೋರೋಗಗಳು ಪಾಲಿಸಿಯಿಂದ ಹೊರಗಿವೆ ಎಂದು ಹೇಳಿ ತಿರಸ್ಕರಿಸಿತ್ತು. 2021ರ ಏಪ್ರಿಲ್ 19ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು, ಕಾಯ್ದೆ ಜಾರಿಗೆ ಬಂದ ದಿನದಿಂದಲೇ ಕಂಪನಿಗಳು ಅದಕ್ಕೆ ಬದ್ಧವಾಗಿವೆ, ಪಾಲಿಸಿಯ ಷರತ್ತನ್ನು ತಡವಾಗಿ ತಿದ್ದಿಕೊಂಡೆವೆಂದು ಹೇಳಿ ನುಣುಚಿಕೊಳ್ಳುವಂತಿಲ್ಲ ಎಂಬ ನಿಲುವನ್ನು ಎತ್ತಿಹಿಡಿದರು. ಮುಂದೆ 2022ರ ಅಕ್ಟೋಬರ್ 18ರಂದು ಐಆರ್‌ಡಿಎಐ ಇನ್ನೊಮ್ಮೆ ಸುತ್ತೋಲೆ ಹೊರಡಿಸಿ, ಎಲ್ಲ ಆರೋಗ್ಯ ಪಾಲಿಸಿಗಳೂ ಮಾನಸಿಕ ಕಾಯಿಲೆಯನ್ನು ಒಳಗೊಂಡಿರಲೇಬೇಕೆಂದೂ ಅದೇ ತಿಂಗಳ 31ರೊಳಗೆ ಕಂಪನಿಗಳು ಇದನ್ನು ಖಚಿತಪಡಿಸಬೇಕೆಂದೂ ಹೇಳಿತು. ಒಂದೇ ಆಜ್ಞೆಯನ್ನು ಮತ್ತೆ ಮತ್ತೆ ಹೊರಡಿಸಬೇಕಾಗಿ ಬಂದದ್ದೇ, ಪಾಲನೆ ಎಷ್ಟು ನಿಧಾನವಾಗಿತ್ತು ಎಂಬುದಕ್ಕೆ ಸಾಕ್ಷಿ.

ಕಾಯ್ದೆಯ ಅರ್ಥನಿರೂಪಣೆಯ ಪ್ರಕಾರ ಯೋಚನೆ, ಭಾವಸ್ಥಿತಿ, ಗ್ರಹಿಕೆ, ದಿಕ್ಕು-ಕಾಲದ ಅರಿವು ಅಥವಾ ನೆನಪಿನಲ್ಲಿ ಗಣನೀಯ ಏರುಪೇರಾಗಿ, ವಿವೇಚನೆಗೆ, ನಡವಳಿಕೆಗೆ ಅಥವಾ ದಿನನಿತ್ಯದ ಬದುಕಿಗೆ ತೀವ್ರ ಅಡ್ಡಿಯಾಗುವುದು ಮಾನಸಿಕ ಕಾಯಿಲೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳೂ ಅದರೊಳಗೆ ಬರುತ್ತವೆ. ಬೌದ್ಧಿಕ ಬೆಳವಣಿಗೆಯ ಕೊರತೆ ಬರುವುದಿಲ್ಲ. ಅದಕ್ಕೂ ಆಟಿಸಂ, ಸೆರೆಬ್ರಲ್ ಪಾಲ್ಸಿ ಮುಂತಾದವುಗಳಿಗೂ ರಾಷ್ಟ್ರೀಯ ನ್ಯಾಸದ 'ನಿರಾಮಯ' ಎಂಬ ಪ್ರತ್ಯೇಕ ವಿಮಾ ಯೋಜನೆ ಇದ್ದು, ಒಂದು ಲಕ್ಷ ರೂಪಾಯಿಯವರೆಗೆ ಹೊರರೋಗಿ ಚಿಕಿತ್ಸೆಯನ್ನೂ ಸೇರಿಸಿಕೊಂಡು ರಕ್ಷಣೆ ಕೊಡುತ್ತದೆ.

ಪಾಲಿಸಿ ಕೊಳ್ಳುವಾಗ

ಪ್ರಪೋಸಲ್ ಫಾರ್ಮಿನಲ್ಲಿ ಮಾನಸಿಕ ಕಾಯಿಲೆಯ ಬಗ್ಗೆ ಪ್ರಶ್ನೆ ಇದ್ದರೆ ನಿಜವನ್ನೇ ಬರೆಯಿರಿ. ಏಜೆಂಟರು "ಅದೆಲ್ಲ ಬೇಡ, ಇಲ್ಲ ಎಂದು ಟಿಕ್ ಮಾಡಿ" ಎಂದರೂ ಕೇಳಬೇಡಿ, ಫಾರ್ಮನ್ನು ಅವರ ಕೈಗೆ ಒಪ್ಪಿಸಿ ಖಾಲಿ ಜಾಗಕ್ಕೆ ಸಹಿ ಹಾಕಬೇಡಿ. ಮುಂದೆ ಮನೋವೈದ್ಯರ ಕೇಸ್ ಶೀಟಿನಲ್ಲಿ "ಆರು ವರ್ಷಗಳಿಂದ ಕಾಯಿಲೆ ಇದೆ, ನಡುವೆ ಮಾತ್ರೆ ನಿಲ್ಲಿಸಿದ್ದರು" ಎಂಬ ಒಂದು ಸಾಲು ಇದ್ದರೆ ಸಾಕು, ಮುಚ್ಚಿಟ್ಟದ್ದು ಹೊರಬರುತ್ತದೆ. ಆಗ ಕ್ಲೇಮ್ ಮಾತ್ರವಲ್ಲ, ಪಾಲಿಸಿಯೇ ರದ್ದಾಗುವ ಸಂಭವವಿದೆ. ಮನೋರೋಗ ತಜ್ಞರು ಇತಿಹಾಸವನ್ನು ಬಹಳ ವಿವರವಾಗಿ ಬರೆದುಕೊಳ್ಳುವವರು ಎಂಬುದನ್ನು ಮರೆಯಬಾರದು. ಬರೆದದ್ದಕ್ಕೆ ನಾಚಿಕೆ ಪಡಬೇಕಾದದ್ದೂ ಏನಿಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು.

ತಿಳಿಸಿದರೆ ಕಾಯುವ ಅವಧಿ ಅನ್ವಯವಾಗುತ್ತದೆ, ಅಂದರೆ ಅಷ್ಟು ಕಾಲ ಆ ಕಾಯಿಲೆಗೆ ಕ್ಲೇಮ್ ಸಿಗುವುದಿಲ್ಲ. ಐಆರ್‌ಡಿಎಐಯ 2024ರ ನಿಯಮಗಳ ಪ್ರಕಾರ, ಮೊದಲೇ ಇದ್ದ ಕಾಯಿಲೆಗೆ ಈ ಅವಧಿ 36 ತಿಂಗಳನ್ನು ಮೀರುವಂತಿಲ್ಲ. ಹಿಂದೆ ಅದು 48 ತಿಂಗಳಿತ್ತು. ಪಾಲಿಸಿ ಆರಂಭವಾಗುವ ದಿನಕ್ಕೆ ಹಿಂದಿನ 36 ತಿಂಗಳೊಳಗೆ ವೈದ್ಯರು ಗುರುತಿಸಿದ ಅಥವಾ ಚಿಕಿತ್ಸೆ ಪಡೆದ ಕಾಯಿಲೆಯನ್ನು ಮಾತ್ರ ಮೊದಲೇ ಇದ್ದದ್ದು ಎಂದು ಪರಿಗಣಿಸುತ್ತಾರೆ. ಅಂದರೆ ಹತ್ತು ವರ್ಷದ ಹಿಂದೆ ಬಂದು ವಾಸಿಯಾಗಿ, ಆಮೇಲೆ ಯಾವ ಔಷಧವನ್ನೂ ಸಲಹೆಯನ್ನೂ ಪಡೆಯದಿದ್ದ ಖಿನ್ನತೆ ಈ ಅರ್ಥನಿರೂಪಣೆಯೊಳಗೆ ಬರುವುದಿಲ್ಲ. ಹಾಗೆಂದು ಅದನ್ನು ಬಚ್ಚಿಡಬೇಕಾಗಿಲ್ಲ. ಫಾರ್ಮಿನಲ್ಲಿ ಕೇಳಿದ್ದರೆ ವರ್ಷ ಸಮೇತ ಬರೆದು ಬಿಡಿ. ಕಾಯುವ ಅವಧಿ ದೈಹಿಕ ಕಾಯಿಲೆಗಳಿಗೂ ಇರುವುದರಿಂದ ಅದು ತಾನಾಗಿಯೇ ತಾರತಮ್ಯವಲ್ಲ. ಆದರೆ ಹೊಸದಾಗಿ ಬರುವ ಎಲ್ಲ ಮಾನಸಿಕ ಕಾಯಿಲೆಗಳಿಗೂ ಒಟ್ಟಾಗಿ ಎರಡು ಮೂರು ವರ್ಷ ಕಾಯಬೇಕೆಂದೋ, ಒಟ್ಟು ವಿಮಾ ಮೊತ್ತದಲ್ಲಿ ಸಣ್ಣ ಪಾಲನ್ನಷ್ಟೇ ಕೊಡುತ್ತೇವೆಂದೋ ಬರೆದಿರುವ ಪಾಲಿಸಿಗಳು ಇವೆ. ಇಂಥ ಷರತ್ತು ಕಲಂ 21(4)ಕ್ಕೆ ಸರಿಹೊಂದುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ; ಹಾಗಿದ್ದರೂ ಕೊಳ್ಳುವವರು ಮುಂದೆ ಜಗಳವಾಡುವ ಬದಲು ಮೊದಲೇ ಬೇರೆ ಪಾಲಿಸಿ ಆರಿಸಿಕೊಳ್ಳುವುದು ಕ್ಷೇಮ.

ಇದನ್ನೆಲ್ಲ ನೂರು ಪುಟದ ಪಾಲಿಸಿಯಲ್ಲಿ ಹುಡುಕುವುದು ಕಷ್ಟ. ಈಗ ಪ್ರತಿ ಪಾಲಿಸಿಯ ಜೊತೆಗೆ ಗ್ರಾಹಕ ಮಾಹಿತಿ ಪತ್ರವೊಂದನ್ನು ಕಂಪನಿ ಕೊಡಬೇಕು. ಅದರಲ್ಲಿ ಕಾಯುವ ಅವಧಿ, ಉಪಮಿತಿ (ಒಂದೊಂದು ಕಾಯಿಲೆಗೆ ಅಥವಾ ವೆಚ್ಚಕ್ಕೆ ಹಾಕಿದ ಮಿತಿ), ಹೊರಗಿಟ್ಟ ಸಂಗತಿಗಳು, ದೂರು ಕೊಡುವ ವಿಳಾಸ ಎಲ್ಲವೂ ಚಿಕ್ಕದಾಗಿ ಇರುತ್ತವೆ. ಅದನ್ನು ಓದಿ ಒಪ್ಪಿಗೆಯಾಗದಿದ್ದರೆ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಬಹುದು.

ಕಾಯಿಲೆ ಇದೆ ಎಂದು ತಿಳಿಸಿದ ಕೂಡಲೇ ಅರ್ಜಿಯನ್ನೇ ನಿರಾಕರಿಸುವುದು ಇನ್ನೊಂದು ತೊಡಕು. 2023ರ ಫೆಬ್ರುವರಿ 27ರಂದು ಐಆರ್‌ಡಿಎಐ, ಅಂಗವಿಕಲರು, ಎಚ್‌ಐವಿ ಸೋಂಕಿತರು ಮತ್ತು ಮಾನಸಿಕ ಕಾಯಿಲೆ ಇರುವವರಿಗಾಗಿ ಪ್ರತಿ ಆರೋಗ್ಯ ವಿಮಾ ಕಂಪನಿಯೂ ಒಂದು ಪಾಲಿಸಿಯನ್ನು ಮಾರುಕಟ್ಟೆಗೆ ತರಲೇಬೇಕೆಂದು ಆದೇಶಿಸಿದೆ. ನಿರಾಕರಣೆ ಬಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಮತ್ತು "ಈ ಆದೇಶದ ಪ್ರಕಾರ ನಿಮ್ಮ ಕಂಪನಿಯಲ್ಲಿರುವ ಪಾಲಿಸಿ ಯಾವುದು" ಎಂದು ಅದೇ ಪತ್ರದಲ್ಲಿ ವಿಚಾರಿಸಿ. ಒಳ್ಳೆಯ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿಗೆ ಸಿಗುವ ಗುಂಪು ವಿಮೆಯಲ್ಲಿ ಎಷ್ಟೋ ವೇಳೆ ಕಾಯುವ ಅವಧಿಯೇ ಇರುವುದಿಲ್ಲ, ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಅಂಥ ಉದ್ಯೋಗವಿದ್ದರೆ ರೋಗಿಯ ಹೆಸರನ್ನು ಅದರಲ್ಲಿ ಸೇರಿಸಲು ಸಾಧ್ಯವೇ ಎಂದು ಮೊದಲು ನೋಡಿ.

ಆಸ್ಪತ್ರೆಗೆ ಸೇರಿಸುವ ಹೊತ್ತಿನಲ್ಲಿ

ಈ ಹೊತ್ತಿನಲ್ಲಿ ಮನೆಯವರ ಮನಸ್ಸು ಕಾಗದಪತ್ರದ ಮೇಲೆ ನಿಲ್ಲುವುದಿಲ್ಲ. ಆದ್ದರಿಂದ ರೋಗಿಯ ಜೊತೆ ಇರುವವರೊಬ್ಬರು, ವಿಮೆಯ ಕೆಲಸ ನೋಡಿಕೊಳ್ಳುವವರು ಇನ್ನೊಬ್ಬರು ಎಂದು ಮೊದಲೇ ಹಂಚಿಕೊಳ್ಳುವುದು ಒಳ್ಳೆಯದು. ಚಿಕ್ಕಪ್ಪನೋ ಅತ್ತಿಗೆಯೋ ಈ ಎರಡನೆಯ ಕೆಲಸವನ್ನು ವಹಿಸಿಕೊಂಡರೆ ತಾಯಿ ತಂದೆಯರಿಗೆ ದೊಡ್ಡ ಭಾರ ಇಳಿಯುತ್ತದೆ.

ಮೊದಲು ನೋಡಬೇಕಾದದ್ದು ಆಸ್ಪತ್ರೆಯ ನೋಂದಣಿ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಾಯಿಸಿರಬೇಕು. ಮಾನಸಿಕ ರೋಗಿಗಳನ್ನು ಒಳರೋಗಿಗಳಾಗಿ ಇರಿಸಿಕೊಳ್ಳುವ ಸಂಸ್ಥೆಗಳು 2017ರ ಕಾಯ್ದೆಯಡಿ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿಯೂ ನೋಂದಾಯಿಸಿರಬೇಕು. ಪುನರ್ವಸತಿ ಕೇಂದ್ರ, ವ್ಯಸನಮುಕ್ತಿ ಕೇಂದ್ರ ಎಂಬ ಫಲಕ ಹೊತ್ತ ಎಷ್ಟೋ ಜಾಗಗಳು ಪಾಲಿಸಿಯ ಲೆಕ್ಕದಲ್ಲಿ ಆಸ್ಪತ್ರೆ ಎನಿಸಿಕೊಳ್ಳುವುದಿಲ್ಲ, ಅಲ್ಲಿ ತಿಂಗಳುಗಟ್ಟಲೆ ಇದ್ದು ಕಟ್ಟಿದ ಹಣ ಮರಳಿ ಬರುವುದು ಬಹಳ ಕಷ್ಟ. ನೋಂದಣಿ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಕ್ಲೇಮ್ ಫಾರ್ಮಿನಲ್ಲಿ ಆಸ್ಪತ್ರೆ ತುಂಬಬೇಕಾದ ಭಾಗಕ್ಕೆ ಅದು ಬೇಕೇ ಬೇಕು.

ಯೋಜಿತ ದಾಖಲಾತಿಯಾದರೆ ಎರಡು ಮೂರು ದಿನ ಮೊದಲೇ, ತುರ್ತು ದಾಖಲಾತಿಯಾದರೆ ಸಾಮಾನ್ಯವಾಗಿ 24 ಗಂಟೆಯೊಳಗೆ, ವಿಮಾ ಕಂಪನಿಗೆ ಅಥವಾ ಅದರ ಪರವಾಗಿ ಕ್ಲೇಮುಗಳನ್ನು ನೋಡಿಕೊಳ್ಳುವ ಸಂಸ್ಥೆಯಾದ ಟಿಪಿಎಗೆ ತಿಳಿಸಿ. ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ ಕ್ಯಾಶ್‌ಲೆಸ್ ಸೌಲಭ್ಯ ಇದ್ದರೆ ಅದನ್ನೇ ಬಳಸಿ. ಐಆರ್‌ಡಿಎಐಯ 2024ರ ಮೇ 29ರ ಮಾಸ್ಟರ್ ಸುತ್ತೋಲೆಯ ಪ್ರಕಾರ, ಕ್ಯಾಶ್‌ಲೆಸ್ ಮನವಿಯ ಮೇಲೆ ಕಂಪನಿ ಒಂದು ಗಂಟೆಯೊಳಗೆ ನಿರ್ಧರಿಸಬೇಕು, ಬಿಡುಗಡೆಯ ವೇಳೆ ಆಸ್ಪತ್ರೆಯಿಂದ ಬಿಲ್ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಕ್ಯಾಶ್‌ಲೆಸ್ ನಿರಾಕರಿಸಿದರೆ ಕ್ಲೇಮೇ ಮುಗಿಯಿತೆಂದು ತಿಳಿಯಬೇಡಿ. ಹಣ ಕಟ್ಟಿ, ಆಮೇಲೆ ಮರುಪಾವತಿಗೆ ಅರ್ಜಿ ಹಾಕುವ ಹಾದಿ ತೆರೆದೇ ಇರುತ್ತದೆ.

ದಾಖಲಾತಿಯ ಬಗೆಯನ್ನು ಸೂಚಿಸುವ ಕಾಗದದ ಪ್ರತಿಯನ್ನೂ ತೆಗೆದಿಟ್ಟುಕೊಳ್ಳಿ. ರೋಗಿ ತಾನೇ ಒಪ್ಪಿ ದಾಖಲಾಗುವುದು ಒಂದು ಬಗೆ. ಕಾಯಿಲೆಯ ತೀವ್ರತೆಯಿಂದ ನಿರ್ಧಾರ ತೆಗೆದುಕೊಳ್ಳಲಾಗದ ಸ್ಥಿತಿಯಲ್ಲಿ, ತನಗೋ ಇತರರಿಗೋ ಅಪಾಯವಿದ್ದಾಗ, ನಾಮನಿರ್ದೇಶಿತ ಪ್ರತಿನಿಧಿಯ (ಕಾಯ್ದೆಯ ಪ್ರಕಾರ ರೋಗಿಯ ಪರವಾಗಿ ನಿಲ್ಲುವವರು, ಸಾಮಾನ್ಯವಾಗಿ ಮನೆಯವರು) ಅರ್ಜಿಯ ಮೇಲೆ ಕಲಂ 89ರಡಿ 30 ದಿನಗಳವರೆಗೆ ದಾಖಲಿಸಿಕೊಳ್ಳುವುದು ಇನ್ನೊಂದು. ಈ ಎರಡನೆಯ ಬಗೆಯ ದಾಖಲಾತಿಯಲ್ಲಿ ಮನೋವೈದ್ಯರು ಸೇರಿದಂತೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿ ಒಳರೋಗಿ ಚಿಕಿತ್ಸೆ ಅಗತ್ಯವೆಂದು ಒಪ್ಪಿರುತ್ತಾರೆ. "ಹೊರರೋಗಿಯಾಗಿಯೇ ಚಿಕಿತ್ಸೆ ಪಡೆಯಬಹುದಿತ್ತು" ಎಂಬ ಆಕ್ಷೇಪಕ್ಕೆ ಅದಕ್ಕಿಂತ ಗಟ್ಟಿ ಉತ್ತರ ಬೇರೆ ಇಲ್ಲ.

ಡಿಸ್ಚಾರ್ಜ್ ಸಮ್ಮರಿ: ಕ್ಲೇಮಿನ ಗೆಲುವು ಸೋಲು ಇಲ್ಲಿಯೇ

ಎಲ್ಲ ಪಾಲಿಸಿಗಳಲ್ಲೂ ಒಂದೇ ಮಾದರಿಯ ಎರಡು ಷರತ್ತುಗಳಿವೆ. ಮುಖ್ಯವಾಗಿ ಪರೀಕ್ಷೆ ಮತ್ತು ತಪಾಸಣೆಗೆಂದು ದಾಖಲಾದರೆ ಹಣವಿಲ್ಲ ಎಂಬುದು ಒಂದು. ಚಿಕಿತ್ಸೆ ಇಲ್ಲದೆ ವಿಶ್ರಾಂತಿ, ಪುನರ್ವಸತಿ ಅಥವಾ ಬರೀ ಆರೈಕೆಗಾಗಿ ದಾಖಲಾದರೆ ಹಣವಿಲ್ಲ ಎಂಬುದು ಇನ್ನೊಂದು. ಮುರಿದ ಕಾಲಿಗೆ ಎಕ್ಸ್‌ರೇ ಇರುತ್ತದೆ, ಹೃದಯಾಘಾತಕ್ಕೆ ಇಸಿಜಿ ಇರುತ್ತದೆ. ಮನೋರೋಗದಲ್ಲಿ ವೈದ್ಯರ ಬರಹವೇ ಸಾಕ್ಷಿ. ಆ ಬರಹ ತೆಳುವಾಗಿದ್ದರೆ, ಕಂಪನಿಯ ಕಚೇರಿಯಲ್ಲಿ ಕುಳಿತು ಓದುವವರಿಗೆ ರೋಗಿ ಹತ್ತು ದಿನ ಹಾಸಿಗೆಯಲ್ಲಿ ಮಲಗಿ ಮಾತ್ರೆ ನುಂಗಿದಂತೆ ಮಾತ್ರ ಕಾಣುತ್ತದೆ.

ಒಂದು ಉದಾಹರಣೆ ನೋಡಿ. "ಖಿನ್ನತೆಯ ಲಕ್ಷಣಗಳೊಂದಿಗೆ ದಾಖಲಾದರು, ಔಷಧ ಮತ್ತು ಆಪ್ತಸಮಾಲೋಚನೆ ನೀಡಲಾಯಿತು, ಸ್ಥಿತಿ ಸುಧಾರಿಸಿದ ಮೇಲೆ ಬಿಡುಗಡೆ ಮಾಡಲಾಯಿತು" ಎಂದಿದ್ದರೆ ತಿರಸ್ಕರಿಸಲು ದಾರಿ ಸುಲಭ. ಅದರ ಬದಲು "ತೀವ್ರ ಖಿನ್ನತೆ, ಸಾಯುವ ಯೋಚನೆಗಳು ನಿರಂತರವಾಗಿದ್ದವು, ನಾಲ್ಕು ದಿನಗಳಿಂದ ಆಹಾರ ತೆಗೆದುಕೊಂಡಿರಲಿಲ್ಲ, ಮನೆಯಲ್ಲಿ ಸುರಕ್ಷಿತವಾಗಿ ನೋಡಿಕೊಳ್ಳಲು ಸಾಧ್ಯವಿರಲಿಲ್ಲ; ವಾರ್ಡಿನಲ್ಲಿ ಹಗಲೂ ರಾತ್ರಿ ನಿಗಾ ಇಡಲಾಯಿತು; ಮೊದಲಿನ ಔಷಧದಿಂದ ಫಲ ಕಾಣದೆ ಮೂರನೆಯ ದಿನ ಬದಲಿಸಲಾಯಿತು, ಐದನೆಯ ದಿನ ಪ್ರಮಾಣ ಹೆಚ್ಚಿಸಲಾಯಿತು, ರಕ್ತದೊತ್ತಡ ಮತ್ತು ಇಸಿಜಿಯನ್ನು ಗಮನಿಸಲಾಯಿತು" ಎಂದು ಬರೆದಿದ್ದರೆ, ದಾಖಲಾತಿ ಏಕೆ ಬೇಕಿತ್ತು, ಅಲ್ಲಿ ಯಾವ ಚಿಕಿತ್ಸೆ ನಡೆಯಿತು ಎಂಬೆರಡೂ ಸ್ಪಷ್ಟವಾಗುತ್ತವೆ. ವೈದ್ಯರು ಇಲ್ಲದ್ದನ್ನು ಬರೆಯಬೇಕೆಂದು ನಾನು ಹೇಳುತ್ತಿಲ್ಲ, ಕೇಳುವುದೂ ತಪ್ಪು. ನಡೆದದ್ದನ್ನು ಪೂರ್ತಿಯಾಗಿ ಬರೆಯಿರಿ ಎಂದು ವಿನಯದಿಂದ ಕೇಳಬಹುದು, ಕೇಳಲೇಬೇಕು. ಬಿಡುಗಡೆಯ ಹಿಂದಿನ ದಿನವೇ ಕರಡನ್ನು ಓದಲು ಕೇಳಿದರೆ ತಿದ್ದುಪಡಿ ಸುಲಭ. ಸಹಿ, ಮೊಹರು ಬಿದ್ದ ಮೇಲೆ ತಿದ್ದಿಸಿದ ಕಾಗದ ಅನುಮಾನಕ್ಕೆ ಎಡೆ ಕೊಡುತ್ತದೆ.

ರೋಗನಿರ್ಣಯದ ಜೊತೆಗೆ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿಯ ಸಂಕೇತವೂ ಇರಲಿ. ಹತ್ತನೆಯ ಆವೃತ್ತಿಯಲ್ಲಿ ಸ್ಕಿಜೋಫ್ರೀನಿಯಾಕ್ಕೆ ಎಫ್ 20, ಬೈಪೋಲಾರ್‌ಗೆ ಎಫ್ 31, ಖಿನ್ನತೆಗೆ ಎಫ್ 32, ಗೀಳು ಕಾಯಿಲೆಗೆ ಎಫ್ 42. ಕಾಯ್ದೆಯ ಕಲಂ 3 ಕೂಡ ಮಾನಸಿಕ ಕಾಯಿಲೆಯನ್ನು ರಾಷ್ಟ್ರೀಯವಾಗಿ ಅಥವಾ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಇಂಥ ವೈದ್ಯಕೀಯ ಮಾನದಂಡಗಳ ಪ್ರಕಾರವೇ ನಿರ್ಧರಿಸಬೇಕೆನ್ನುತ್ತದೆ.

ಜನ ಕರೆಂಟ್ ಟ್ರೀಟ್‌ಮೆಂಟ್ ಎನ್ನುವ ಇಸಿಟಿಯನ್ನು ಒಳರೋಗಿಯಾಗದೆ, ಬೆಳಿಗ್ಗೆ ಬಂದು ಮಧ್ಯಾಹ್ನ ಮನೆಗೆ ಹೋಗುವಂತೆ ಪಡೆದಾಗ, 24 ಗಂಟೆ ಆಸ್ಪತ್ರೆಯಲ್ಲಿ ಇರಲಿಲ್ಲವೆಂದು ಕ್ಲೇಮ್ ನಿಲ್ಲಿಸುವ ಸಂಭವವಿದೆ. ಪಾಲಿಸಿಗಳಲ್ಲಿ ಡೇ ಕೇರ್ ಚಿಕಿತ್ಸೆ ಎಂದರೆ ಅರಿವಳಿಕೆ ಕೊಟ್ಟು 24 ಗಂಟೆಯೊಳಗೆ ಮುಗಿಸುವ ಚಿಕಿತ್ಸೆ ಎಂದಿರುತ್ತದೆ. ಕಾಯ್ದೆಯ ಕಲಂ 95 ಸ್ನಾಯು ಸಡಿಲಿಸುವ ಔಷಧ ಮತ್ತು ಅರಿವಳಿಕೆ ಇಲ್ಲದೆ ಇಸಿಟಿ ಕೊಡುವುದನ್ನು ನಿಷೇಧಿಸಿದೆ. ಹಾಗಾಗಿ ಕಾನೂನಿನ ಪ್ರಕಾರ ಕೊಟ್ಟ ಪ್ರತಿಯೊಂದು ಇಸಿಟಿಯಲ್ಲೂ ಅರಿವಳಿಕೆ ಇದ್ದೇ ಇರುತ್ತದೆ, ಅದು ಡೇ ಕೇರ್ ವ್ಯಾಖ್ಯೆಗೆ ಹೊಂದುತ್ತದೆ ಎಂದು ವಾದಿಸಬಹುದು. ಅರಿವಳಿಕೆ ತಜ್ಞರ ಟಿಪ್ಪಣಿಯ ಪ್ರತಿಯನ್ನು ಬಿಲ್ಲಿನ ಜೊತೆ ಇಡಿ.

ಕುಡಿತದ ಚಟ ಜೊತೆಗಿದ್ದರೆ ವಿಷಯ ಸ್ವಲ್ಪ ಸಿಕ್ಕಾಗುತ್ತದೆ. 2017ರ ಕಾಯ್ದೆ ಮದ್ಯ ಸಂಬಂಧಿತ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯೊಳಗೆ ಸೇರಿಸಿದೆ. ಪಾಲಿಸಿಗಳ ಏಕರೂಪ ಷರತ್ತುಗಳಲ್ಲಿ ಮದ್ಯ ಮತ್ತು ಮಾದಕ ವ್ಯಸನದ ಚಿಕಿತ್ಸೆಯನ್ನು ಹೊರಗಿಡಲು ಇನ್ನೂ ಅವಕಾಶವಿದೆ. ಕಾಯ್ದೆಗಿಂತ ಷರತ್ತು ದೊಡ್ಡದಲ್ಲ ಎಂದು ವಾದಿಸಲು ಜಾಗವಿದ್ದರೂ, ದಾಖಲಾತಿಗೆ ಮುಖ್ಯ ಕಾರಣ ಖಿನ್ನತೆಯೋ ಸೈಕೋಸಿಸ್ಸೋ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಆಗಿದ್ದಲ್ಲಿ ವೈದ್ಯರು ಅದನ್ನೇ ಪ್ರಧಾನ ರೋಗನಿರ್ಣಯವಾಗಿ ಬರೆದಿರುವುದು ಮುಖ್ಯ. ಆತ್ಮಹತ್ಯೆಯ ಪ್ರಯತ್ನದ ನಂತರದ ಚಿಕಿತ್ಸೆಗೂ, ಕೆಲವು ಪಾಲಿಸಿಗಳಲ್ಲಿ, ಬೇಕೆಂದೇ ಮಾಡಿಕೊಂಡ ಗಾಯ ಎಂಬ ಷರತ್ತು ಅಡ್ಡ ಬರುತ್ತದೆ. ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎಂದು ಕಲಂ 115 ಹೇಳುತ್ತದೆ. ಕಾಯಿಲೆಯ ಲಕ್ಷಣವನ್ನು ರೋಗಿಯ ಅಪರಾಧವೆಂಬಂತೆ ನೋಡುವ ಷರತ್ತನ್ನು ಈ ಕಲಮಿನ ಬಲದಿಂದ ಪ್ರಶ್ನಿಸಿ.

ಮರುಪಾವತಿಗೆ ಬೇಕಾದ ಉಳಿದ ಕಾಗದಗಳು ಬೇರೆ ಯಾವ ಕಾಯಿಲೆಗೂ ಬೇಕಾಗುವಂಥವೇ: ಕ್ಲೇಮ್ ಫಾರ್ಮಿನ ಎರಡೂ ಭಾಗ, ವಿವರವಾದ ಬಿಲ್ಲು, ರಶೀದಿ, ಔಷಧದ ಚೀಟಿ, ಪರೀಕ್ಷಾ ವರದಿ. ಮೂಲಪ್ರತಿ ಕೊಡುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಆಸ್ಪತ್ರೆ ಕೇಸ್ ಶೀಟ್ ಕೊಡಲು ಹಿಂದೇಟು ಹಾಕಿದರೆ, ತನ್ನ ಮೂಲಭೂತ ವೈದ್ಯಕೀಯ ದಾಖಲೆಗಳನ್ನು ಪಡೆಯುವುದು ಕಲಂ 25ರಡಿ ರೋಗಿಯ ಹಕ್ಕು ಎಂದು ಬರಹದಲ್ಲಿ ಕೇಳಿ. ಅತ್ತ, ಕೆಲಸದ ಜಾಗದ ಗುಂಪು ವಿಮೆಯಲ್ಲಿ ರೋಗದ ವಿವರವನ್ನು ಮೇಲಧಿಕಾರಿಗೋ ಎಚ್‌ಆರ್ ವಿಭಾಗಕ್ಕೋ ಕೊಡಬೇಕಾಗಿಲ್ಲ, ಕಾಗದಗಳನ್ನು ನೇರವಾಗಿ ಟಿಪಿಎಗೆ ಕಳಿಸಬಹುದು. ಕಾಯಿಲೆಯ ಮಾಹಿತಿ ಗುಟ್ಟಾಗಿರಬೇಕೆಂಬುದು ಕಲಂ 23 ಕೊಟ್ಟ ಹಕ್ಕು.

ಹೆಚ್ಚಿನವರು ಕೈಬಿಡುವ ಹಣ ಒಂದಿದೆ. ದಾಖಲಾತಿಗೆ ಮೊದಲಿನ ಮತ್ತು ಬಿಡುಗಡೆಯ ನಂತರದ ಕೆಲವು ದಿನಗಳ ವೆಚ್ಚವನ್ನು ಪಾಲಿಸಿ ಭರಿಸುತ್ತದೆ. 30 ಮತ್ತು 60 ದಿನ, ಅಥವಾ 60 ಮತ್ತು 90 ದಿನ ಎಂದಿರುವುದು ಸಾಮಾನ್ಯ. ಬಿಡುಗಡೆಯಾದ ಮೇಲೆ ಆ ಅವಧಿಯಲ್ಲಿ ಮನೋವೈದ್ಯರಿಗೆ ಕೊಟ್ಟ ಶುಲ್ಕ, ಮಾತ್ರೆಯ ಖರ್ಚು, ಲಿಥಿಯಂ ಎಂಬ ಔಷಧದ ಮಟ್ಟ ನೋಡುವ ರಕ್ತಪರೀಕ್ಷೆ, ವೈದ್ಯರು ಡಿಸ್ಚಾರ್ಜ್ ಸಮ್ಮರಿಯಲ್ಲಿಯೇ ಸೂಚಿಸಿದ ಮನೋಚಿಕಿತ್ಸೆ, ಇವುಗಳ ಬಿಲ್ಲನ್ನು ಎರಡನೆಯ ಕಂತಾಗಿ ಸಲ್ಲಿಸಿ.

ತಿರಸ್ಕಾರ ಪತ್ರ ಬಂದಾಗ

ಮೊದಲ "ಇಲ್ಲ" ಎಂಬುದನ್ನು ಕೊನೆಯ ಮಾತೆಂದು ಎಣಿಸಿ ಸುಮ್ಮನಾಗುವವರೇ ಹೆಚ್ಚು. ರೋಗಿಯನ್ನು ನೋಡಿಕೊಂಡು ದಣಿದ ಮನೆಯವರಿಗೆ ಪತ್ರ ಬರೆಯುವ ಚೈತನ್ಯ ಉಳಿದಿರುವುದಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ಆದರೂ ಒಂದು ಪತ್ರ ಬರೆಯಿರಿ.

ತಿರಸ್ಕಾರ ಬರಹದಲ್ಲಿ ಬರಬೇಕು, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂಬುದನ್ನು ಅದು ಹೇಳಬೇಕು. 2024ರ ಸುತ್ತೋಲೆಯ ಪ್ರಕಾರ ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಫೋನಿನಲ್ಲಿ ಹೇಳಿದ ಕಾರಣವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಪಾಲಿಸಿ ಸತತ 60 ತಿಂಗಳು ನವೀಕರಣವಾಗಿದ್ದರೆ, ವಂಚನೆಯನ್ನು ಸಾಬೀತುಪಡಿಸದ ಹೊರತು ಮಾಹಿತಿ ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ಕ್ಲೇಮ್ ನಿರಾಕರಿಸಲು ಬರುವುದಿಲ್ಲ ಎಂಬುದನ್ನೂ ನೆನಪಿಡಿ.

ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಬರೆಯುವ ಪತ್ರ ಹೀಗಿರಬಹುದು:

"ಮಾನ್ಯರೇ, ಮೇಲ್ಕಂಡ ಪಾಲಿಸಿಯಡಿ ನನ್ನ ಮಗಳ ಒಳರೋಗಿ ಚಿಕಿತ್ಸೆಗೆ ಸಲ್ಲಿಸಿದ ಕ್ಲೇಮನ್ನು, ವಿಶ್ರಾಂತಿಗಾಗಿ ದಾಖಲಾತಿ ಎಂಬ ಷರತ್ತನ್ನು ಉಲ್ಲೇಖಿಸಿ ತಾವು ತಿರಸ್ಕರಿಸಿದ್ದೀರಿ. ಲಗತ್ತಿಸಿದ ಡಿಸ್ಚಾರ್ಜ್ ಸಮ್ಮರಿಯ ಪ್ರಕಾರ ದಾಖಲಾತಿಗೆ ಕಾರಣ ಆತ್ಮಹತ್ಯೆಯ ಅಪಾಯವಿದ್ದ ತೀವ್ರ ಖಿನ್ನತೆ. ದಾಖಲಾದ ಅವಧಿಯಲ್ಲಿ ಔಷಧ ಬದಲಾವಣೆ ಮತ್ತು ನಿರಂತರ ನಿಗಾ ನಡೆದಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಕಲಂ 21(4) ಮತ್ತು ಐಆರ್‌ಡಿಎಐ 2022ರ ಅಕ್ಟೋಬರ್ 18ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ ಈ ಕ್ಲೇಮನ್ನು ದೈಹಿಕ ಕಾಯಿಲೆಯ ಕ್ಲೇಮಿನಂತೆಯೇ ಪರಿಗಣಿಸಬೇಕಾಗಿ ಕೋರುತ್ತೇನೆ. ತಿರಸ್ಕಾರಕ್ಕೆ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ದೊರೆತ ದಿನಾಂಕವನ್ನೂ, ದಾಖಲೆಗಳನ್ನು ಪರಿಶೀಲಿಸಿದ ವೈದ್ಯರು ಮನೋರೋಗ ತಜ್ಞರೇ ಎಂಬುದನ್ನೂ ದಯವಿಟ್ಟು ತಿಳಿಸಿ."

ಚಿಕಿತ್ಸೆ ನೀಡಿದ ಮನೋವೈದ್ಯರಿಂದ, ಒಳರೋಗಿಯಾಗಿ ಇರಿಸಿಕೊಳ್ಳುವುದು ಏಕೆ ಅನಿವಾರ್ಯವಾಗಿತ್ತು ಎಂಬ ಅರ್ಧ ಪುಟದ ಪ್ರಮಾಣಪತ್ರವನ್ನು ಇದಕ್ಕೆ ಲಗತ್ತಿಸಿ. ಇಮೇಲಿನಲ್ಲಿ ಕಳಿಸಿದರೆ ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಎರಡು ವಾರದೊಳಗೆ ಉತ್ತರ ಬರಬೇಕು. ಬರದಿದ್ದರೆ ಐಆರ್‌ಡಿಎಐಯ 'ಬಿಮಾ ಭರೋಸಾ' ಜಾಲತಾಣದಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದು. ಇದರಿಂದ ಕಂಪನಿಯ ಮೇಲೆ ಒತ್ತಡ ಬೀಳುತ್ತದೆ, ಆದರೆ ಇಲ್ಲಿ ವಿಚಾರಣೆ ನಡೆದು ತೀರ್ಪು ಬರುವುದಿಲ್ಲ.

ತೀರ್ಪು ಬೇಕೆಂದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬೇಕು. ಕರ್ನಾಟಕದವರಿಗೆ ಅದರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಕಂಪನಿಗೆ ಮೊದಲು ದೂರು ಕೊಟ್ಟಿರಬೇಕು, ಅದಕ್ಕೆ ತಿರಸ್ಕಾರದ ಉತ್ತರ ಬಂದಿರಬೇಕು ಅಥವಾ ಒಂದು ತಿಂಗಳು ಉತ್ತರವಿಲ್ಲದೆ ಕಳೆದಿರಬೇಕು. ಅಲ್ಲಿಂದ ಒಂದು ವರ್ಷದೊಳಗೆ ಓಂಬುಡ್ಸ್‌ಮನ್‌ಗೆ ಅರ್ಜಿ ಸಲ್ಲಿಸಬೇಕು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿಯವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ತೀರ್ಪನ್ನು 30 ದಿನಗಳೊಳಗೆ ಪಾಲಿಸದಿದ್ದರೆ ಕಂಪನಿ ದಿನಕ್ಕೆ 5,000 ರೂಪಾಯಿಯಂತೆ ದೂರುದಾರರಿಗೆ ದಂಡ ಕೊಡಬೇಕು. ಈ ಕಾರಣಗಳಿಂದ, ಸಾಧಾರಣ ಮೊತ್ತದ ಕ್ಲೇಮಿಗೆ ನಾನು ಸೂಚಿಸುವ ಮೊದಲ ಬಾಗಿಲು ಇದೇ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಎರಡು ವರ್ಷದೊಳಗೆ ಹೋಗಬಹುದು. ಮಾನಸಿಕ ಯಾತನೆಗೆ ಪರಿಹಾರ ಕೇಳಬೇಕೆಂದಿದ್ದರೆ ಅದು ಸರಿಯಾದ ಜಾಗ. ಆದರೆ ಒಂದೇ ವಿಷಯ ಆಯೋಗದಲ್ಲಿ ಬಾಕಿ ಇರುವಾಗ ಓಂಬುಡ್ಸ್‌ಮನ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ.

ಆಸ್ಪತ್ರೆಗೆ ಸೇರದೆ ನಡೆಯುವ ಚಿಕಿತ್ಸೆಗೆ

ಕಾಯ್ದೆಯ ದೊಡ್ಡ ಕೊರತೆ ಇಲ್ಲಿದೆ. ದೈಹಿಕ ಕಾಯಿಲೆಗೆ ಸಿಗುವುದು ಇದಕ್ಕೂ ಸಿಗಲಿ ಎಂದಷ್ಟೇ ಅದು ಹೇಳಿತು. ನಮ್ಮ ಪಾಲಿಸಿಗಳು ದೈಹಿಕ ಕಾಯಿಲೆಗೂ ಕೊಡುವುದು ಹೆಚ್ಚಾಗಿ ಒಳರೋಗಿ ಚಿಕಿತ್ಸೆಯ ಹಣವನ್ನು ಮಾತ್ರ. ಮಾನಸಿಕ ಕಾಯಿಲೆಯ ಬಹುಪಾಲು ಚಿಕಿತ್ಸೆ ಆಸ್ಪತ್ರೆಯ ಹಾಸಿಗೆಯ ಮೇಲೆ ನಡೆಯುವುದಿಲ್ಲ. ತಿಂಗಳಿಗೊಮ್ಮೆ ವೈದ್ಯರ ಭೇಟಿ, ವರ್ಷಗಟ್ಟಲೆ ಮಾತ್ರೆ, ವಾರಕ್ಕೊಮ್ಮೆ ಮನೋಚಿಕಿತ್ಸೆ, ಇವುಗಳ ಖರ್ಚು ಮನೆಯವರದೇ. ಹೊರರೋಗಿ ರಕ್ಷಣೆಯನ್ನು ಹೆಚ್ಚುವರಿ ಪ್ರೀಮಿಯಂಗೆ ಕೊಡುವ ಪಾಲಿಸಿಗಳಿವೆ. ಅಂಥದ್ದನ್ನು ಕೊಳ್ಳುವ ಮೊದಲು ಅದರ ವಾರ್ಷಿಕ ಮಿತಿಯನ್ನೂ, ಮನಶ್ಶಾಸ್ತ್ರಜ್ಞರ ಶುಲ್ಕವನ್ನು ಒಪ್ಪುತ್ತದೆಯೇ ಅಥವಾ ಮನೋವೈದ್ಯರದನ್ನು ಮಾತ್ರವೇ ಎಂಬುದನ್ನೂ ಕೇಳಿ, ಹೆಚ್ಚುವರಿ ಪ್ರೀಮಿಯಂ ಜೊತೆ ಹೋಲಿಸಿ ನೋಡಿ.

ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ನೌಕರರ ರಾಜ್ಯ ವಿಮೆಯಾದ ಇಎಸ್‌ಐಗೆ ವಂತಿಗೆ ಕಟ್ಟುವ ಗಾರ್ಮೆಂಟ್ಸ್, ಕಾರ್ಖಾನೆ, ಅಂಗಡಿಗಳ ನೌಕರರು ಈ ವಿಷಯದಲ್ಲಿ ಖಾಸಗಿ ಪಾಲಿಸಿ ಇರುವವರಿಗಿಂತ ಮೇಲು, ಏಕೆಂದರೆ ಇಎಸ್‌ಐಯಲ್ಲಿ ಹೊರರೋಗಿ ಚಿಕಿತ್ಸೆಯೂ ಔಷಧವೂ ಸೇರಿವೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ ಐದು ಲಕ್ಷದವರೆಗೆ ರಕ್ಷಣೆಯಿದೆ. ಮಾನಸಿಕ ಕಾಯಿಲೆಯ ಒಳರೋಗಿ ಚಿಕಿತ್ಸೆಗೆ ಆಯುಷ್ಮಾನ್ ಭಾರತ್‌ನಲ್ಲಿ ಪ್ಯಾಕೇಜುಗಳಿವೆ. ಸರ್ಕಾರಿ ಆಸ್ಪತ್ರೆಯ ಆರೋಗ್ಯ ಮಿತ್ರರ ಕೌಂಟರಿನಲ್ಲಿ ಪಡಿತರ ಚೀಟಿ, ಆಧಾರ್ ತೋರಿಸಿ ವಿಚಾರಿಸಿ. ಇವಾವುದೂ ಇಲ್ಲದವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಯಲ್ಲಿಯೂ, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಮನೋವೈದ್ಯರನ್ನು ಕಾಣಬಹುದು. ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಹತ್ತಿರದ ಸರ್ಕಾರಿ ಸೇವೆ ಯಾವುದೆಂದು ತಿಳಿಯದಿದ್ದರೆ ಟೆಲಿಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಕಾಯ್ದೆ ಹೇಳುವ ಕನಿಷ್ಠ ಸರ್ಕಾರಿ ಸೇವೆ ಜಿಲ್ಲೆಯಲ್ಲಿ ಸಿಗದಿದ್ದರೆ, ಅದೇ ಜಿಲ್ಲೆಯ ಬೇರೆ ಮಾನಸಿಕ ಆರೋಗ್ಯ ಸೇವೆಯನ್ನು ಪಡೆದು ಅದರ ವೆಚ್ಚವನ್ನು ಸರ್ಕಾರದಿಂದ ಕೇಳುವ ಹಕ್ಕನ್ನೂ ಕಲಂ 18 ಕೊಟ್ಟಿದೆ.

ಇಎಸ್‌ಐ ನೌಕರರು ತಪ್ಪಿಸಿಕೊಳ್ಳಬಾರದ ಸೌಲಭ್ಯ ಇನ್ನೊಂದಿದೆ. ಸ್ಕಿಜೋಫ್ರೀನಿಯಾದಂಥ ಸೈಕೋಸಿಸ್ ಕಾಯಿಲೆಗಳು ಅದರ 34 ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿವೆ. ಎರಡು ವರ್ಷ ವಿಮಾ ವ್ಯಾಪ್ತಿಯ ಉದ್ಯೋಗದಲ್ಲಿದ್ದು ಕನಿಷ್ಠ 156 ದಿನಗಳ ವಂತಿಗೆ ಕಟ್ಟಿದವರಿಗೆ, ಸಾಮಾನ್ಯ ಅನಾರೋಗ್ಯ ಭತ್ಯೆಯ ಅವಧಿ ಮುಗಿದ ಮೇಲೂ ದಿನಗೂಲಿಯ ಶೇ. 80ರಷ್ಟು ಭತ್ಯೆ ಗರಿಷ್ಠ ಎರಡು ವರ್ಷಗಳವರೆಗೆ ಸಿಗುತ್ತದೆ. ಇದಕ್ಕೆ ಬೇಕಾದದ್ದು ಇಎಸ್‌ಐ ವೈದ್ಯರ ಪ್ರಮಾಣಪತ್ರ, ಮತ್ತು ಅದು ನಡುವೆ ಒಂದು ದಿನವೂ ಕಡಿಯದಂತೆ ಮುಂದುವರಿಯಬೇಕು. ಆದ್ದರಿಂದ ಕೆಲಸಕ್ಕೆ ಹೋಗಲಾಗದ ಮೊದಲ ದಿನದಿಂದಲೇ ಪ್ರಮಾಣಪತ್ರ ಪಡೆಯಲು ಆರಂಭಿಸಿ.